ಹಗುರ ಅಂತ ಆರಿಸಿದ ಕೀಬೋರ್ಡು

ನನಗಾಗ ಅರವತ್ತೆರಡು. ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮನೆಯವರಿಗೆ ಅರವತ್ತೇಳು, ಬಾಯಲ್ಲಿ ಮೇಲಿನ ಹಲ್ಲು ಒಂದೂ ಇರಲಿಲ್ಲ.

ಹಲ್ಲಿಲ್ಲದಿದ್ರೂ ಮುದ್ದೆ ನುಂಗಬಹುದು. ಕ್ಲಾರಿನೆಟ್ ಊದೋಕಾಗಲ್ಲ. ಅದರ ತುದಿ ಮೇಲೆ ಹಲ್ಲು ಊರಿ ಹಿಡಿದ್ರೇನೇ ಸ್ವರ ನಿಲ್ಲೋದು. ಕಟ್ಟಿಸಿದ ಹಲ್ಲು ಹಾಕ್ಕೊಂಡೂ ನೋಡಿದ್ರು. ಒಂದು ಮದುವೆ ಮೆರವಣಿಗೇಲಿ ಊದ್ತಾ ಊದ್ತಾ ಹಲ್ಲಿನ ಸೆಟ್ಟು ಕಳಚಿ ರಸ್ತೆಗೆ ಬಿತ್ತು. ಗಂಡಿನ ಕಡೆಯವರು ಕುಣಿಯೋದು ಬಿಟ್ಟು ನಕ್ಕರಂತೆ. ಅವತ್ತಿಂದ ಮನೇಲೇ ಕೂತ್ರು.

ಅವರು ಊದ್ತಿದ್ದ ಬ್ಯಾಂಡ್ ಸೆಟ್ ನನ್ನ ತಮ್ಮನದು. ನಮ್ಮಪ್ಪ ನಡೆಸ್ತಿದ್ದಿದ್ದು, ಆಮೇಲೆ ಇವನ ಕೈಗೆ ಬಂತು. ಯಶವಂತಪುರದಲ್ಲಿ ಒಂದು ಶೀಟಿನ ಷೆಡ್ಡು, ಡ್ರಮ್ಮು ಕೋಟು ಎಲ್ಲಾ ಅಲ್ಲೇ ಇಡೋದು. ಒಂದಿನ ಬಾಗಲಗುಂಟೆಗೆ ನಮ್ಮನೆಗೆ ಬಂದ. ಈಗಿನ ಜನ ಗಾಡಿ ಮೇಲೆ ಕೀಬೋರ್ಡ್ ಇರೋ ಬ್ಯಾಂಡನ್ನೇ ಕೇಳ್ತಾರೆ, ಭಾವಂಗೆ ಹೆಂಗೂ ಭಜನೆಯ ಹಾರ್ಮೋನಿಯಂ ಬರುತ್ತೆ, ಒಂದು ಕೀಬೋರ್ಡ್ ತಗೊಂಡ್ರೆ ಗಾಡಿ ಜೊತೆ ನಡ್ಕೊಂಡು ನುಡಿಸಲಿ ಅಂದ. ಇಲ್ಲ ಅಂದ್ರೆ ಲಗ್ನ ಶುರುವಾಗೋ ಹೊತ್ತಿಗೆ ಬೇರೆಯೋರನ್ನ ನೋಡ್ಕೋತೀನಿ ಅಂತಲೂ ಅಂದ. ನಮ್ಮ ಸೆಟ್ಟಲ್ಲಿ ಅವರವರ ವಾದ್ಯ ಅವರವರೇ ತರಬೇಕು, ಅಪ್ಪನ ಕಾಲದಿಂದಲೂ ಹಂಗೇ.

ಎರಡು ತಿಂಗಳು ಅವರು ಮನೇಲಿದ್ದಿದ್ದನ್ನ ನಾನು ನೋಡಿದ್ದೆ. ಕ್ಲಾರಿನೆಟ್ ಒರೆಸಿ ಪೆಟ್ಟಿಗೇಲಿಡೋರು, ಮತ್ತೆ ತೆಗೆದು ಒರೆಸೋರು. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು, ಹುಳಿಗೆ ಇಷ್ಟು ಬೇಳೆ ಯಾಕೆ ಅಂತ ಕೇಳೋರು. ಇವರು ಮತ್ತೆ ಬ್ಯಾಂಡಿಗೆ ಹೋಗದಿದ್ರೆ ಇಬ್ಬರಲ್ಲಿ ಒಬ್ಬರಿಗೆ ತಲೆ ಕೆಡೋದು ಗ್ಯಾರಂಟಿ ಅನ್ನಿಸಿತ್ತು.

ನಾನಾಗ ಸ್ಕೂಲಲ್ಲಿ ಕಸ ಗುಡಿಸ್ತಿದ್ದೆ. ಅರ್ಧ ದಿನ ರಜ ಹಾಕಿ ಜೊತೇಲಿ ಹೊರಟೆ. ಅವರನ್ನೊಬ್ಬರನ್ನೇ ಕಳಿಸಿದ್ರೆ ಅಂಗಡಿಯೋನು ‘ಮೇಷ್ಟ್ರೇ’ ಅಂದ ಅಂತ ಇಡೀ ಅಂಗಡೀನೇ ತರೋ ಜನ. ಮೊದಲು ಆರ್.ಟಿ. ನಗರದಲ್ಲಿ ನೋಡಿದ್ವಿ. ರೇಟು ಕೇಳಿ ಹಂಗೇ ಆಚೆ ಬಂದ್ವಿ. ಅಲ್ಲಿಂದ ಬಿಸಿಲಲ್ಲಿ ನಡ್ಕೊಂಡೇ ಸಂಜಯನಗರಕ್ಕೆ ಹೋದ್ವಿ. ಅಲ್ಲೊಂದು ಅಂಗಡೀಲಿ ಹೊಸದೂ ಇಡ್ತಾರೆ, ಹಳೇದೂ ಇಡ್ತಾರೆ.

ನಮ್ಮ ಕೈಗೆ ಎಟುಕೋದು ಎರಡಿತ್ತು. ಎರಡರದ್ದೂ ಹೆಚ್ಚುಕಮ್ಮಿ ಒಂದೇ ರೇಟು. ಒಂದು ಹೊಸದು, ಥಳಥಳ ಅಂತಿತ್ತು, ಒಂದು ಕೈಲಿ ಎತ್ತಬಹುದು, ಸೆಲ್ ಹಾಕಿದ್ರೂ ನಡೆಯುತ್ತೆ. ಇನ್ನೊಂದು ಯಾರೋ ಮಾರಿ ಹೋಗಿದ್ದು. ಅಂಚೆಲ್ಲಾ ಕೆರೆದಿತ್ತು, ಎತ್ತೋಕೆ ಹೋದ್ರೆ ರುಬ್ಬೋಕಲ್ಲು. ಅಂಗಡಿಯೋನು ಹೊಸದರಲ್ಲಿ ಒಂದು ಗುಂಡಿ ಒತ್ತಿದ. ಅದು ತಾನೇ ಡ್ರಮ್ಮು ಪೀಪಿ ಎಲ್ಲಾ ಸೇರಿಸಿ ಬಾರಿಸಿಕೊಂಡು ಹೋಯ್ತು. ಅದೇ ಬಾರಿಸೋದಾದ್ರೆ ಇವರು ಯಾತಕ್ಕಪ್ಪಾ ಅಂತ ಕೇಳಿದೆ. ಅವನು ನಕ್ಕ.

ನಮ್ಮನೆಯವರು ಹಳೇದರ ಮುಂದೆ ನಿಂತಿದ್ರು. ಒತ್ತಿ ನೋಡಿ, ಎಂಥದೋ ಗುಂಡಿ ಅದುಮಿ, ಮತ್ತೆ ಒತ್ತಿದ್ರು. ಇದರಲ್ಲಿ ಶ್ರುತಿ ಇಳಿಸಬಹುದು, ಅದರಲ್ಲಿ ಆಗುತ್ತಾ ಕೇಳು ಅಂತ ನನಗೆ ಹೇಳಿದ್ರು. ಹಲ್ಲಿಲ್ಲದ ಬಾಯಿ, ಮಾತು ಅಂಗಡಿಯೋನಿಗೆ ತಿಳೀಲಿಲ್ಲ. ನಾನು ಕೇಳಲೂ ಇಲ್ಲ. ಬೆಳಗ್ಗೆಯಿಂದ ನಿಂತು ಮಂಡಿ ಹಿಡ್ಕೊಂಡಿತ್ತು. ಈ ಕಲ್ಲನ್ನ ಎರಡು ಬಸ್ಸು ಹತ್ತಿಸಿ ಇಳಿಸೋದು ಯಾರು, ನಾನೇ ತಾನೇ.

“ಭಜನೇಲಿ ನುಡಿಸೋವಾಗ ಏನು ಇಳಿಸ್ತಿದ್ರಿ? ಸುಮ್ನೆ ಹೊಸದು ತಗೊಳ್ಳಿ, ಮನೆ ಸೇರೋಣ” ಅಂದೆ.

ಅವರು ಹಳೇದರ ಮೇಲಿಂದ ಕೈ ತೆಗೆದ್ರು. ಹೊಸದು ತಗೊಂಡ್ವಿ.

ಮನೇಲಿ ಚೆನ್ನಾಗೇ ನುಡಿಸ್ತಿದ್ರು. ಎಂಟು ದಿನ ಬೆಳಗ್ಗೆ ಸಂಜೆ ಕೂತು ಮೆರವಣಿಗೆ ಹಾಡೆಲ್ಲಾ ಕೂಡಿಸಿಕೊಂಡ್ರು. ಕ್ಲಾರಿನೆಟ್ಟಲ್ಲಿ ಯಾವುದು ‘ಸ’ನೋ ಇದರಲ್ಲೂ ಅದನ್ನೇ ‘ಸ’ ಅಂತ ಹಿಡಿದು ಕಲಿತಿದ್ರು. ಭಾನುವಾರ ಷೆಡ್ಡಲ್ಲಿ ಪ್ರಾಕ್ಟೀಸು. ನಾನೂ ಹೋದೆ, ಎಲ್ಲರಿಗೂ ಚಿತ್ರಾನ್ನ ಮಾಡ್ಕೊಂಡು.

ಎಲ್ಲರೂ ಒಟ್ಟಿಗೆ ಶುರು ಮಾಡಿದ್ರು. ನನಗೆ ಸಂಗೀತ ಗೊತ್ತಿಲ್ಲ, ಆದ್ರೂ ಕಿವಿಗೆ ಮರಳು ಹಾಕಿದಂಗಾಯ್ತು. ನಿಲ್ಲಿಸಿ ಮತ್ತೆ ಹೊಡೆದ್ರು, ಮತ್ತೂ ಅದೇ. ಟ್ರಂಪೆಟ್ಟಿನೋನು, “ಏನ್ ಯಜಮಾನ್ರೇ, ನಮ್ಮ ಗಂಡು ಒಂದು ಛತ್ರಕ್ಕೆ, ನಿಮ್ಮ ಹೆಣ್ಣು ಇನ್ನೊಂದು ಛತ್ರಕ್ಕೆ ಹೊರಟಂಗಿದೆಯಲ್ಲ” ಅಂದ. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಊದೋ ವಾದ್ಯಗಳ ‘ಸ’ ಕೀಬೋರ್ಡಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿರುತ್ತೆ, ಶ್ರುತಿ ಇಳಿಸೋ ಗುಂಡಿ ಒತ್ತಿದ್ರೆ ಎರಡೂ ಕೂಡುತ್ತೆ ಅಂತ ಬಗ್ಗಿ ಹುಡುಕಿದ. ಇದರಲ್ಲಿ ಇರಲಿಲ್ಲ. ಹಂಗಾದ್ರೆ ಬೆರಳನ್ನೇ ಒಂದು ಮೆಟ್ಟಿಲು ಕೆಳಗಿಟ್ಟು ನುಡಿಸಿ ಅಂದ. ಅವರು ನೋಡಿದ್ರು. ಎಂಟು ದಿನ ಕಲಿತ ದಾರಿ ಬಿಟ್ಟು ಬೆರಳು ಕೇಳಲಿಲ್ಲ, ಎರಡು ಸ್ವರಕ್ಕೊಂದು ತಪ್ಪು. ಹಣೆ ಮೇಲೆ ನೀರಿಳೀತಿತ್ತು.

“ನಲವತ್ತು ವರ್ಷ ಊದಿರೋರು ನೀವು, ಇಷ್ಟು ನೋಡ್ಕೊಂಡು ತರಬಾರದಾ ಭಾವ?” ಅಂದ ತಮ್ಮ. “ಬಿಡಿ, ಸಾಕು. ಇನ್ನು ಮನೇಲಿ ಆರಾಮಾಗಿರಿ.”

“ನನಗೆ ಗೊತ್ತಾಗಲಿಲ್ಲ ಕಣಪ್ಪ” ಅಂದ್ರು ಅವರು.

ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನಾನು ಡಬ್ಬಿ ಮುಚ್ಚಳ ಹಿಡ್ಕೊಂಡು ಅಲ್ಲೇ ಇದ್ದೆ. ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಚಿತ್ರಾನ್ನ ಬಡಿಸಿದೆ. ಬಸ್ಸಲ್ಲಿ ಅವರು ಕೀಬೋರ್ಡನ್ನ ತೊಡೆ ಮೇಲೆ ಅಡ್ಡಡ್ಡ ಇಟ್ಕೊಂಡು ಕೂತಿದ್ರು. ದಾಸರಹಳ್ಳಿ ಬಂದಾಗ, ಇಳಿಯೋದು ಇನ್ನೂ ಮುಂದೆ ಅಲ್ವಾ ಅಂತ ಕೇಳಿದ್ರು. ನಲವತ್ತು ವರ್ಷ ಓಡಾಡಿದ ದಾರಿ ಅದು. ಹೂಂ ಅಂದೆ. ಅವತ್ತು ಹುಳಿಯ ಬೇಳೆ ಬಗ್ಗೆ ಏನೂ ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ಸ್ಕೂಲಿಗೆ ಹೋಗಲಿಲ್ಲ. ಕೀಬೋರ್ಡನ್ನ ಹಳೇ ದುಪ್ಪಟೀಲಿ ಸುತ್ಕೊಂಡು ತಮ್ಮನ ಮನೆಗೆ ಹೋದೆ. ಹಲ್ಲುಜ್ತಾ ಇದ್ದ. ಏನಕ್ಕಾ ಇಷ್ಟೊತ್ತಿಗೆ ಅಂದ. ಭಾವ ಸರಿಯಾಗಿರೋದನ್ನೇ ಹಿಡಿದಿದ್ರು, ಭಾರ ಅಂತ ಬಿಡಿಸಿದೋಳು ನಾನು, ನಿನ್ನೆ ನೀನು ನನ್ನನ್ನ ಬೈಬೇಕಿತ್ತು ಅಂತ ಹೇಳಿದೆ. ಬೇಗ ಬಾಯಿ ತೊಳಿ, ಅಂಗಡಿಗೆ ನೀನೂ ಬಾ ಅಂದೆ. ಗೊಣಗಿಕೊಂಡೇ ಬಂದ. ಹಳೇದು ಇನ್ನೂ ಅಲ್ಲೇ ಇತ್ತು. ಅಂಗಡಿಯೋನು ಸ್ವಲ್ಪ ದುಡ್ಡು ಮುರ್ಕೊಂಡು ಹೊಸದನ್ನ ವಾಪಸ್ ತಗೊಂಡ, ಕಮ್ಮಿ ಬಿದ್ದಿದ್ದನ್ನ ನಾವು ಕೈಯಿಂದ ಕೊಟ್ವಿ. ತಮ್ಮ ಗುಂಡಿ ಒತ್ತಿ ಶ್ರುತಿ ಇಳಿಸಿ, ಒಂದು ಸಾಲು ನುಡಿಸಿ ನೋಡಿ ತಲೆಯಾಡಿಸಿದ. ಅಕ್ಕಾ, ಭಾನುವಾರ ಬರೋಕೆ ಭಾವಂಗೆ ಹೇಳು ಅಂದ.

“ಬಿಡಿ ಅಂದೋನು ನೀನು. ನೀನೇ ಹೇಳು” ಅಂತ ನನ್ನ ಫೋನು ಅವನ ಕೈಗೆ ಕೊಟ್ಟು, ಆ ಕಲ್ಲನ್ನ ಎತ್ತಿ ಸೊಂಟಕ್ಕಿಟ್ಕೊಂಡೆ.