ಬಾಗಿಲಿಗೆ ಅಡ್ಡವಿದ್ದ ಪಿಶವಿ

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಮುಂಬಯಿ ಹತ್ತಿರದ ಡೊಂಬಿವಲಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರಿನ ಎದುರು, ನೀರಿನ ಫಿಲ್ಟರಿನ ಪಕ್ಕ ನಾನು ನಿಂತಿದ್ದೆ. ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಚೀಲ ಇಟ್ಟುಕೊಂಡು ಅತ್ತೆ ಕೂತಿದ್ದರು. ಕಾರ್ಕಳದಿಂದ ಬಂದು ವಾರವಾಗಿತ್ತು; ಮರಾಠಿ ಅಲ್ಪಸ್ವಲ್ಪ.

ಒಳಗೆ ನನ್ನ ಹೆಂಡತಿ. ಎಡ ಅಂಡಾಶಯದಲ್ಲಿ ಅಪರೂಪದ ಗಡ್ಡೆ. ಆ ಬದಿಯನ್ನಷ್ಟೇ ತೆಗೆದು, ಇನ್ನೊಂದು ಅಂಡಾಶಯವನ್ನೂ ಗರ್ಭಕೋಶವನ್ನೂ ಉಳಿಸಲು ನೋಡುತ್ತೇವೆ, ಹೊಟ್ಟೆ ತೆರೆದ ಮೇಲೆಯೇ ಖಚಿತ ಎಂದು ದೊಡ್ಡ ಡಾಕ್ಟರಮ್ಮ ಹೇಳಿದ್ದರು. ಒಳಗೆ ಹೋಗುವಾಗ ಹೆಂಡತಿ ಹೇಳಿದ್ದು ಇಷ್ಟೇ: "ಯಾರು ಎಂತ ಕೇಳಿದ್ರೂ ಬೇಗ ಹ್ಞೂಂ ಅನ್ಬೇಡಿ, ಆಯ್ತಾ?"

ಕಿರಿಯ ಡಾಕ್ಟರೊಬ್ಬರು ಬಾಗಿಲಿನಿಂದ ತಲೆ ಹೊರಹಾಕಿ ಅತ್ತೆಯನ್ನು ಕೇಳಿದರು: "ಆಯೀ, ಗರಜ್ ಪಡಲೀ ತರ್ ಪಿಶವೀ ಕಾಢಾಯಚೀ ನಾ?"

"ಹೋ, ಹೋ, ಕಾಢ್ತೇ!" ಅತ್ತೆ ಗಡಿಬಿಡಿಯಿಂದ ಚೀಲ ಎತ್ತಿಕೊಂಡರು. ಬಾಗಿಲು ಮುಚ್ಚಿತು. "ಎಂತ ಅವಸರ ಮಾರಾಯ್ರೆ ಇವರದ್ದು! ಒಂದು ಚೀಲ ಇಡ್ಲಿಕ್ಕೂ ಬಿಡುದಿಲ್ಲ."

ಪಿಶವಿ ಎಂದರೆ ಮರಾಠಿಯಲ್ಲಿ ಚೀಲ. ಗರ್ಭಕೋಶಕ್ಕೂ ಜನ ಅದನ್ನೇ ಅನ್ನುತ್ತಾರೆ. ಅಗತ್ಯ ಬಿದ್ದರೆ ಗರ್ಭಕೋಶ ತೆಗೆಯಬಹುದಲ್ಲ ಎಂದು ಡಾಕ್ಟರು ಕೇಳಿದ್ದರು; ಹೌದು, ತೆಗೆಯುತ್ತೇನೆ ಎಂದು ಅತ್ತೆ ಅಂದದ್ದು ಬಟ್ಟೆಯ ಚೀಲವನ್ನು. ನನಗೆ ಅರ್ಥವಾಗುವಷ್ಟರಲ್ಲಿ ತಡವಾಗಿತ್ತು. ಬಾಗಿಲು ಬಡಿದೆ. ಆಯಾ ಓಡಿ ಬಂದು, "ಓ ಭಾವು, ಆತ್ ಪೇಶಂಟ್ ಆಹೇ!" ಎಂದು, ಒಳಗೆ ಪೇಷೆಂಟ್ ಇರುವುದನ್ನು ನೆನಪಿಸಿ ಗದರಿದರು. ಹೇಳಹೊರಟರೆ ಬಾಯಿಗೆ ಕನ್ನಡ, ಹಿಂದಿ, ಮರಾಠಿ ಒಟ್ಟಿಗೆ ಬಂದವು. ಆಯಾ ಚೀಲ ನೋಡಿದರು, ಅತ್ತೆಯ ಮುಖ ನೋಡಿದರು, ಒಳಗೆ ಹೋದರು.

ಅತ್ತೆಗೆ ತಿಳಿಸಿ ಹೇಳಿದೆ. ಅವರು ಚೀಲವನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು.

ನನ್ನನ್ನೇ ಸರಿಯಾಗಿ ಕೇಳಿದ್ದರೂ ಏನು ಹೇಳುತ್ತಿದ್ದೆ? ಬೇಡ ಎಂದರೆ ಅವಳ ಜೀವ. ಹ್ಞೂಂ ಎಂದರೆ ಅವಳ ಮಾತು.

ದೊಡ್ಡ ಡಾಕ್ಟರಮ್ಮ ಹೊರಗೆ ಬಂದು, ಗಡ್ಡೆ ಹರಡಿದಂತೆ ಕಾಣುವುದಿಲ್ಲ, ಗರ್ಭಕೋಶ ಉಳಿಸಿದ್ದೇವೆ ಎಂದರು. ತೀರ್ಮಾನ ಆಪರೇಷನ್ ನಡೆಯುವಾಗಲೇ ಬಂದ ಲ್ಯಾಬಿನ ವರದಿ ನೋಡಿ ಆದದ್ದು, ಅತ್ತೆಯ ಮಾತಿನಿಂದಲ್ಲ ಎಂದೂ ಹೇಳಿದರು. ಮಕ್ಕಳಾಗುತ್ತವೆಯೇ ಎಂದು ಕೇಳಿದೆ. "ಪಹಲೇ ಕೀಮೋ ಹೋನೇ ದೋ. ಫಿರ್ ದೇಖೇಂಗೆ." ಮೊದಲು ಕೀಮೋ ಆಗಲಿ, ಆಮೇಲೆ ನೋಡೋಣ.

ಕೀಮೋ ಮುಗಿದಿದೆ. ಪ್ರತಿ ಸ್ಕ್ಯಾನಿನ ನಂತರವೂ ಅದೇ ಉತ್ತರ: ನೋಡೋಣ.

ಅಂದು ಬಾಗಿಲಲ್ಲಿ ನಡೆದದ್ದನ್ನು ನನ್ನ ಜೊತೆ ಕಂಡವರು ಅತ್ತೆ, ಆ ಕಿರಿಯ ಡಾಕ್ಟರು, ಆಯಾ. ಮೂವರೂ ಇಂದಿಗೂ ಇದ್ದಾರೆ. ಏನನ್ನೂ ಕಾಣದೆ ಒಳಗೆ ಮಲಗಿದ್ದವಳೂ ಇದ್ದಾಳೆ.