ಎಡಕ್ಕೆ ಇಪ್ಪತ್ತು ಕ್ಲಿಕ್ಕು

ನಾನು ಜಿಂಕೆ ಬೇಟೆಗೆ ಲೈಸೆನ್ಸ್ ಮಾಡಿಸಿದ್ದೇನೆ ಎಂದಾಗ ಈ ಪರದೇಶದ ಊರು ಸನ್ನಿವೇಲಿನಲ್ಲಿ ತಲಾ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಪಾಟ್‌ಲಕ್ ಗುಂಪಿನವರು ಹಣೆ ಚಚ್ಚಿಕೊಂಡರು. “ಅಯ್ಯೋ, ಜಿಂಕೆ ಪಾಪ ಕಣ್ರೀ!” ಎಂದವರ ತಟ್ಟೆಯಲ್ಲಿ ಮಟನ್ ಬಿರಿಯಾನಿ ಇತ್ತು. ಕುರಿ ಪಾಪ ಅಲ್ಲವೇನೋ. ನಾನು ಮಂಡ್ಯ ಕಡೆಯವಳು, ಬಾಡೂಟ ಉಂಡು ಬೆಳೆದವಳು. ತಿನ್ನುವುದನ್ನು ಕೊಲ್ಲುವ ಧೈರ್ಯವೂ ನನಗಿದೆಯೇ ಎಂದು ಒಮ್ಮೆ ನೋಡಿಬಿಡಬೇಕು ಅನ್ನಿಸಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಬೇಕಿದ್ದದ್ದು ಬಂದೂಕು. ಮನೆಯಲ್ಲಿದ್ದದ್ದು ಒಂದೇ, ಯಜಮಾನರದ್ದು. ಅವರು ಎರಡು ವರ್ಷ ಬೇಟೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದರು. ಎರಡು ಸಲವೂ ತಪ್ಪು ಜಿಂಕೆಯದೇ. ಒಂದು ನೆಗೆಯಿತಂತೆ, ಇನ್ನೊಂದು ತಿರುಗಿತಂತೆ. ಈ ಸಲ ಇಬ್ಬರೂ ಒಂದು ಮಾತಿಗೆ ಬಂದೆವು: ನೂರು ಗಜ ದೂರದ ಸಣ್ಣ ಪೇಪರ್ ಪ್ಲೇಟಿನೊಳಗೆ ನಾನು ಮೂರು ಗುಂಡು ಕೂರಿಸಿದರೆ ಬೇಟೆಯ ದಿನ ಬಂದೂಕು ನನ್ನ ಕೈಗೆ. ಇಲ್ಲದಿದ್ದರೆ ನಾನು ಕಾರಿನ ಹತ್ತಿರ ಕಾಫಿ ಫ್ಲಾಸ್ಕು ಕಾಯುತ್ತಾ ಕೂರಬೇಕು.

ಶನಿವಾರ ಬೆಳಿಗ್ಗೆ ಹೇವರ್ಡ್ ಊರು ದಾಟಿ, ಗುಡ್ಡಗಳ ನಡುವೆ ಗುಂಡು ಹೊಡೆದು ಅಭ್ಯಾಸ ಮಾಡುವ ಶೂಟಿಂಗ್ ರೇಂಜಿಗೆ ಹೋದೆವು. ಮರಳಿನ ಚೀಲದ ಮೇಲೆ ಬಂದೂಕು ಊರಿ, ಅದರ ಮೇಲೆ ಕೂರಿಸಿದ್ದ ಸ್ಕೋಪಿನ ಗಾಜಿನಲ್ಲಿ ನೋಡುತ್ತಾ ಪ್ಲೇಟಿನ ನಟ್ಟನಡುವೆ ಗುರಿಯಿಟ್ಟು, ನಿಧಾನ ಉಸಿರು ಬಿಟ್ಟು ಮೂರು ಸಲ ಹೊಡೆದೆ. ದುರ್ಬೀನಿನಲ್ಲಿ ನೋಡಿದರೆ ಮೂರೂ ತೂತುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆದರೆ ಪ್ಲೇಟಿನ ಬಲಗಡೆ, ಅಂಚಿನಾಚೆ.

“ಅದು ಮೊದಲಿಂದ್ಲೂ ಬಲಕ್ಕೆ ಹೋಗತ್ತೆ ಕಣೇ,” ಎಂದರು ಯಜಮಾನರು. “ನಾನು ಒಂಚೂರು ಎಡಕ್ಕೆ ಗುರಿ ಇಟ್ಕೋತೀನಿ. ನೀನೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

ಅಡ್ಜಸ್ಟ್ ಮಾಡ್ಕೋ! ಬಸ್ಸಿನ ಸೀಟಿನಲ್ಲಿ, ಅತ್ತೆಯ ಅಡುಗೆಮನೆಯಲ್ಲಿ, ಮಗುವಿಗೆ ಡೇಕೇರ್ ಸಿಗದೆ ನಾನು ಕೆಲಸ ಬಿಟ್ಟಾಗ, ಎಲ್ಲ ಕಡೆ ಇದೇ ಮಾತು. ನಮ್ಮವರ ಬಾಯಲ್ಲಿ ಇದರ ಅರ್ಥ ಸೊಟ್ಟಗಿರುವುದನ್ನು ಸರಿಮಾಡು ಎಂದಲ್ಲ, ನೀನೂ ಸೊಟ್ಟಗಾಗು ಎಂದು. ನನಗೆ ಮೈಯೆಲ್ಲ ಉರಿಯಿತು. ಅಂದಾಜಿನ ಗುರಿಗೆ ಜಿಂಕೆ ನೆಟ್ಟಗೆ ಸಾಯುವುದೂ ಇಲ್ಲ. ಹೊಟ್ಟೆಗೆ ಗುಂಡು ತಗುಲಿಸಿಕೊಂಡು ಯಾವುದೋ ಪೊದೆಯಲ್ಲಿ ನರಳುತ್ತಾ ಬಿದ್ದಿರುತ್ತದೆ. ಆ ಪಾಪ ನನಗೆ ಬೇಡ.

“ನಾನ್ಯಾಕ್ರೀ ಅಡ್ಜಸ್ಟ್ ಆಗ್ಲಿ? ಸ್ಕೋಪು ಆಗ್ಲಿ.”

“ಅದನ್ನ ಮುಟ್ಬೇಡ. ಇರೋದೂ ಹಾಳಾಗತ್ತೆ.”

ಮುಟ್ಟಿದೆ. ಸ್ಕೋಪಿನ ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೊಂದು ತಿರುಪು, ಗುಂಡನ್ನು ಯಾವ ಕಡೆ ಸರಿಸಬೇಕೋ ಆ ಕಡೆಗೆ ಬಾಣದ ಗುರುತು. ತಿರುಪು ಒಮ್ಮೆ ಕ್ಲಿಕ್ಕೆಂದರೆ ನೂರು ಗಜ ದೂರದಲ್ಲಿ ಗುಂಡು ಕಾಲು ಇಂಚು ಸರಿಯುತ್ತದೆ. ನನ್ನ ಗುಂಡುಗಳು ಐದು ಇಂಚು ಬಲಕ್ಕೆ ಹೋಗಿದ್ದವು. ಪರ್ಸಿನಿಂದ ಕಾಲು ಡಾಲರಿನ ಕ್ವಾರ್ಟರ್ ನಾಣ್ಯ ತೆಗೆದು, ಅದರ ಅಂಚನ್ನು ತಿರುಪಿನ ಸೀಳಿಗೆ ಕೂರಿಸಿ, ಗಟ್ಟಿಯಾಗಿ ಎಣಿಸುತ್ತಾ ಎಡಕ್ಕೆ ಇಪ್ಪತ್ತು ಕ್ಲಿಕ್ಕು ತಿರುಗಿಸಿದೆ. ಯಜಮಾನರು ಕೈಕಟ್ಟಿ ನಿಂತಿದ್ದರು. ನಳಿಗೆ ತಣ್ಣಗಾಗುವವರೆಗೆ ಕಾದೆ.

ಮತ್ತೆ ಮೂರು ಹೊಡೆದೆ. ಮೂರೂ ಪ್ಲೇಟಿನ ನಡುವೆ.

“ಕೊಡು ಇಲ್ಲಿ,” ಎಂದು ಅವರೇ ಕೂತು ಒಂದು ಹೊಡೆದರು. ಅದು ಪ್ಲೇಟಿನ ಎಡಕ್ಕೆ ಹೋಗಿ ಮಣ್ಣಿಗೆ ಬಡಿಯಿತು. ಸರಿಯಾದ ಬಂದೂಕಿನಲ್ಲೂ ಅವರ ಕಣ್ಣು ಹಳೆಯ ಅಭ್ಯಾಸದಲ್ಲಿ ಎಡಕ್ಕೇ ಗುರಿಯಿಟ್ಟಿತ್ತು.

“ಈಗ ಎಡಕ್ಕೆ ಹೋಗ್ತಿದೆಯಲ್ಲೇ!”

ಬಂದೂಕು ಖಾಲಿ ಮಾಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈಯನ್ನು ನನ್ನ ಪರ್ಸಿಗೆ ಸೇರಿಸಿ, ಕಾಫಿ ಫ್ಲಾಸ್ಕನ್ನು ಅವರ ಕೈಗೆ ಕೊಟ್ಟೆ.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ,” ಎಂದೆ.