ಕುಮಾರಿ ಕಲಿಸಿದ ಮೂರು ಉತ್ತರ

ಚಾಮರಾಜನಗರದಲ್ಲಿ ನಮ್ಮ ಕಚೇರಿ ಎಂದರೆ ಎರಡು ಕೋಣೆ, ಮೂರು ಬೀರು. ವಕೀಲರು ಮಲ್ಲಿಕಾರ್ಜುನಸ್ವಾಮಿ, ಅವರ ಜೂನಿಯರ್ ನಾನು, ಗುಮಾಸ್ತೆ ಕುಮಾರಿ. ನಮ್ಮಲ್ಲಿಗೆ ಬರುವುದು ಕ್ರಿಮಿನಲ್ ಮೊಕದ್ದಮೆಗಳು ಮಾತ್ರ, ಅದೂ ಆರೋಪಿಗಳ ಪರ. ವಾರದಲ್ಲಿ ಎರಡು ದಿನ ಗುಂಡ್ಲುಪೇಟೆ ನ್ಯಾಯಾಲಯದಲ್ಲಿ ಕೆಲಸವಿರುತ್ತದೆ. ಆ ದಿನಗಳಲ್ಲಿ ಕುಮಾರಿ ಎಂಟು ಗಂಟೆಯ ಬಸ್ಸಿಗೆ ನಮಗಿಂತ ಮೊದಲೇ ಹೋಗಿ ಕಕ್ಷಿದಾರರನ್ನು ಒಂದು ಕಡೆ ಕೂರಿಸಿಕೊಂಡಿರುತ್ತಾಳೆ. ಅಂಗಿಯ ಗುಂಡಿ ಹೋದವರಿಗೆ ಪಿನ್ನು ಕೊಡುತ್ತಾಳೆ, ಎಲೆಅಡಿಕೆ ಉಗಿಸಿ ಬಾಯಿ ತೊಳೆಸುತ್ತಾಳೆ.

ಅವಳು ಈ ಕೆಲಸಕ್ಕೆ ಸೇರಿದಾಗ ಹತ್ತೊಂಬತ್ತು ವರ್ಷ. ಈಗ ನಲವತ್ತಾರು. ಹತ್ತನೇ ತರಗತಿ, ಕನ್ನಡ ಟೈಪಿಂಗ್ ಅಷ್ಟೇ ಓದು. ಆದರೆ ಅವಳಷ್ಟು ಚೆನ್ನಾಗಿ ಕಕ್ಷಿದಾರರಿಗೆ ಕಲಿಸಲು ನನಗೂ ಬರುವುದಿಲ್ಲ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ಪ್ರಶ್ನಿಸುವ ದಿನವೊಂದಿದೆ. ಆ ದಿನಕ್ಕೆ ಕುಮಾರಿ ಕಲಿಸುವುದು ಮೂರು ಉತ್ತರ. ತನಗೆ ಸಂಬಂಧಪಡದ್ದಕ್ಕೆ ‘ಗೊತ್ತಿಲ್ಲ’. ತನ್ನ ಮೇಲೆ ಹೊರಿಸಿದ್ದಕ್ಕೆ ‘ಸುಳ್ಳು’. ಕೊನೆಯಲ್ಲಿ, ನಿನ್ನ ಪರವಾಗಿ ಸಾಕ್ಷಿ ಇದ್ದಾರೆಯೇ ಎಂದು ಕೇಳಿದಾಗ ‘ಇಲ್ಲ’.

ಮೂರನೆಯದು ವಕೀಲರ, ಅಂದರೆ ನಮ್ಮ ಯಜಮಾನರ ನಿಯಮ. ಅಪರಾಧ ಸಾಬೀತುಪಡಿಸಬೇಕಾದವರು ಎದುರಿನವರು, ನಾವಲ್ಲ. ಹಿಂದೆ ಒಂದು ಪ್ರಕರಣದಲ್ಲಿ ಒಬ್ಬ ಅಕ್ಕ ತಮ್ಮನ ಪರ ಸಾಕ್ಷಿ ಹೇಳಲು ಹೋಗಿ ಗಂಟೆ ತಪ್ಪು ಹೇಳಿದಳು. ಸುಳ್ಳು ಹೇಳಿರಲಿಲ್ಲ, ಗಡಿಯಾರ ನೋಡಿರಲಿಲ್ಲ. ತಮ್ಮನಿಗೆ ಐದು ವರ್ಷ ಶಿಕ್ಷೆಯಾಯಿತು. ಅಲ್ಲಿಂದೀಚೆಗೆ ನಾವು ಯಾರನ್ನೂ ಸಾಕ್ಷಿಕಟ್ಟೆಗೆ ಹತ್ತಿಸಿಲ್ಲ.

ತೆರಕಣಾಂಬಿಯ ಪುಟ್ಟಮಾದು ನಮ್ಮಲ್ಲಿಗೆ ಬಂದದ್ದು 2018ರಲ್ಲಿ. ಅವನ ಸೋದರಮಾವ ನಾಗಯ್ಯನಿಗೆ ಒಂದು ಸಂಜೆ ಹೊಲದ ದಾರಿಯಲ್ಲಿ ಯಾರೋ ಹಿಂದಿನಿಂದ ದೊಣ್ಣೆಯಲ್ಲಿ ಹೊಡೆದಿದ್ದರು. ದೊಣ್ಣೆಯ ತುದಿ ತಾಗಿ ಎಡಗಣ್ಣು ಹೋಯಿತು. ಹಿಂದಿನ ದಿನ ಬೋರ್‌ವೆಲ್ ಪೈಪಿನ ವಿಷಯಕ್ಕೆ ಮಾವ ಅಳಿಯ ಊರೆಲ್ಲ ಕೇಳುವಂತೆ ಜಗಳವಾಡಿದ್ದರು. ದೂರಿನಲ್ಲಿ ಪುಟ್ಟಮಾದುವಿನ ಹೆಸರು ಬಂತು. ಒಂಬತ್ತನೇ ವಯಸ್ಸಿಗೆ ತಾಯಿ ಸತ್ತ ಮೇಲೆ ಅವನನ್ನು ಸಾಕಿದವನು ಈ ನಾಗಯ್ಯನೇ.

ಆ ಸಂಜೆ ಪುಟ್ಟಮಾದು ಕೆಳಬೀದಿಯ ಚಿಕ್ಕನಿಂಗಮ್ಮ ಎಂಬ ಮುದುಕಿಯ ಕೊಟ್ಟಿಗೆಯಲ್ಲಿದ್ದ. ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು, ಒಳಗೆ ಕರುವಿನ ಕಾಲು ಮಡಚಿಕೊಂಡಿತ್ತು. ಅವನು ಮೊಣಕೈವರೆಗೆ ಕೈ ಹಾಕಿ ಅದನ್ನು ತಿರುಗಿಸಿ ಎಳೆದ. ತನಿಖೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಚಿಕ್ಕನಿಂಗಮ್ಮ ತಾನೇ ಬಸ್ಸು ಹತ್ತಿ ಬಂದು ಕುಮಾರಿಗೆ ಹೇಳಿದಳು. ಕುಮಾರಿ ಬರೆದುಕೊಂಡು, ಕರೆಯುವ ದಿನ ಬಂದರೆ ಕರೆಯುತ್ತೇವೆ ಎಂದಳು. ಮುದುಕಿಗೆ ಅಷ್ಟೇ ಸಾಕಾಯಿತು.

ಮೊಕದ್ದಮೆ ಐದೂವರೆ ವರ್ಷ ನಡೆಯಿತು. ಒಟ್ಟು ಮೂವತ್ತೆಂಟು ದಿನಾಂಕ. ಚಿಕ್ಕನಿಂಗಮ್ಮ ಇಪ್ಪತ್ತೊಂಬತ್ತಕ್ಕೆ ಬಂದಿದ್ದಳು. ನಾಗಯ್ಯನೂ ತಪ್ಪಿಸುತ್ತಿರಲಿಲ್ಲ. ಮೂವರೂ ಬರುತ್ತಿದ್ದುದು ಒಂದೇ ಬಸ್ಸಿನಲ್ಲಿ. ನಾಗಯ್ಯ ಮುಂದಿನ ಸೀಟು, ಪುಟ್ಟಮಾದು ಹಿಂದಿನದು. ಮಾತಿಲ್ಲ. ಮುದುಕಿ ಹೊರಗಿನ ಬೆಂಚಿನ ಮೇಲೆ ಕೂತು ಕುಮಾರಿಯನ್ನು ರೇಗಿಸುತ್ತಿದ್ದಳು.

“ವಟ್ಟೇಲಿ ಇಟ್ಕಂಡಿರ ಮಾತು ಉಳಿ ಬಂದೋಯ್ತದ ಕಣಮ್ಮಿ, ಯಾವಾಗ ಕರ್ದೀರಿ?”

ಕುಮಾರಿ ನಗುತ್ತ ಮುಂದಿನ ದಿನಾಂಕ ಹೇಳಿ ಕಳಿಸುತ್ತಿದ್ದಳು.

ಪ್ರಕರಣ ತಾನಾಗಿಯೇ ಸಡಿಲವಾಯಿತು. ನೋಡಿದ್ದೇವೆ ಎಂದಿದ್ದ ಇಬ್ಬರು ನೋಡಿಲ್ಲ ಎಂದರು. ನಾಗಯ್ಯ, ಕತ್ತಲಾಗಿತ್ತು, ಮುಖ ಕಾಣಲಿಲ್ಲ, ಅನುಮಾನ ಮಾತ್ರ ಎಂದು ಇದ್ದುದನ್ನು ಇದ್ದಂತೆ ಹೇಳಿದ. ಆಮೇಲೆ ಆರೋಪಿಯನ್ನು ಪ್ರಶ್ನಿಸುವ ದಿನ ಬಂತು. ಸಾಕ್ಷಿ ಇದ್ದಾರೆಯೇ ಎಂದಾಗ ಪುಟ್ಟಮಾದು ಒಮ್ಮೆ ಬಾಗಿಲಿನ ಕಡೆ ನೋಡಿದ. ಕುಮಾರಿ ಅಲ್ಲಿ ನಿಂತು ತಲೆ ಅಲ್ಲಾಡಿಸಿದಳು. ‘ಇಲ್ಲ’ ಎಂದ. ಅವಳ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಚಿಕ್ಕನಿಂಗಮ್ಮ ಕೂತಿದ್ದಳು.

ಅವನ ಬಿಡುಗಡೆಯಾಯಿತು. ಆರೋಪ ಸಂಶಯಾತೀತವಾಗಿ ಸಾಬೀತಾಗಿಲ್ಲ ಎಂದು ತೀರ್ಪಿನಲ್ಲಿತ್ತು. ಅವನು ಆ ಸಂಜೆ ಎಲ್ಲಿದ್ದ ಎಂಬುದು ಹನ್ನೊಂದು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಮೂರು ತಿಂಗಳ ನಂತರ ಅವನು ಚಾಮರಾಜನಗರದ ಕಚೇರಿಗೆ ಬಂದ. ಮಾವ ಇನ್ನೂ ಮಾತಾಡಿಸುವುದಿಲ್ಲ, ತಾನು ಹೋದರೆ ಎದ್ದು ಒಳಗೆ ಹೋಗುತ್ತಾನೆ, ಊರಲ್ಲಿ ಎಲ್ಲರೂ ಒಳ್ಳೆಯ ಲಾಯರ್ ಸಿಕ್ಕಿದರು ಎನ್ನುತ್ತಾರೆ ಎಂದ. ಚಿಕ್ಕನಿಂಗಮ್ಮ ಬೀದಿ ಬೀದಿಯಲ್ಲಿ ಹೇಳುತ್ತಿದ್ದಾಳಂತೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲವಂತೆ.

“ಕೋರ್ಟ್ನೋರು ಬುಟ್ಟಿದ್ದು ಸರಿ ಅಕ್ಕ. ನಮ್ಮಾವ ನಂಬಬೇಕಲ್ಲ.”

ತೀರ್ಪಾದ ಮೇಲೆ ಕಕ್ಷಿದಾರರ ಊರಿಗೆ ಹೋಗುವುದು ನಮ್ಮ ಕೆಲಸವಲ್ಲ ಎಂದರು ಯಜಮಾನರು. ಜೈಲು ತಪ್ಪಿಸಿದ್ದೇವೆ, ಅಷ್ಟೇ ನಮ್ಮ ಕೈಲಾಗುವುದು ಎಂದರು. ಅವರು ಹೇಳಿದ್ದು ತಪ್ಪಲ್ಲ. ಆದರೂ ಕುಮಾರಿ ಭಾನುವಾರ ತೆರಕಣಾಂಬಿಗೆ, ನಾಗಯ್ಯನ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ಸೋಮವಾರ ಫೈಲುಗಳಿಗೆ ದಾರ ಕಟ್ಟುತ್ತ ನನಗೆ ಹೇಳಿದಳು. ಒಂದು ಮಾತನ್ನೂ ತನ್ನ ಪರವಾಗಿ ತಿದ್ದಲಿಲ್ಲ.

ನಾಗಯ್ಯ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದ. ಕಾಫಿ ತರಿಸಿದ. ಜೊತೆಗೆ ಬಂದ ಚಿಕ್ಕನಿಂಗಮ್ಮ ಕರುವಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ನಾಗಯ್ಯ ಬಲಗಣ್ಣು ಅವಳ ಕಡೆ ಬರುವಂತೆ ಮುಖ ತಿರುಗಿಸಿಕೊಂಡು ಕೇಳಿದ. ಅವಳು ಮುಗಿಸಿದ ಮೇಲೆ ಕುಮಾರಿಯ ಕಡೆ ತಿರುಗಿದ.

“ಇವ್ಳು ಅಲ್ಲಿ ಬೆಂಚ್ ಮ್ಯಾಲೆ ಕುಂತಿರದ ನಾ ನೋಡ್ನಿಲ್ವಾ ತಾಯಿ? ಇವತ್ತು ಕರೀತಾರೆ, ನಾಳ ಕರೀತಾರೆ ಅಂತ ನಾನೂ ಕಾದಿ. ಒಳಕ್ ಬಂದು ಪ್ರಮಾಣ ಮಾಡಿ ಯೋಳ್ಲಿ, ನಂಬಿಬುಟ್ಟು ಅವನ್ನ ಕರ್ಕಂಡು ಬರನ ಮನಗ ಅಂತ ನಾ ಅನ್ಕಂಡಿದ್ದಿ. ಜಡ್ಜು ಬಾಯ್ಬುಟ್ಟು ಕೇಳುದ್ರು. ಅವನೇ ಇಲ್ಲ ಅಂದ.”

“ಹಾಗೆ ಹೇಳೋಕೆ ನಾನೇ ಹೇಳಿಕೊಟ್ಟಿದ್ದು” ಎಂದಳು ಕುಮಾರಿ.

ನಾಗಯ್ಯನಿಗೆ ಸಿಟ್ಟಿರಲಿಲ್ಲ ಎಂದು ಕುಮಾರಿ ಎರಡು ಸಲ ಹೇಳಿದಳು.

“ಆವತ್ತು ಅವನಿಗ ಯೋಳ್ಕೊಟ್ಟೆ. ಇವತ್ತು ಈ ಮುದ್ಕಿಗ ಯೋಳ್ಕೊಟ್ಟಿದ್ದಯೋ ಇಲ್ವೋ, ನಂಗ ಎಂಗ್ ಗೊತ್ತಾದ್ದು ಯೋಳವ್ವ?”

ಚಿಕ್ಕನಿಂಗಮ್ಮ ಅಳತೊಡಗಿದಳು. ಕುಮಾರಿ ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದಳು.

ಪುಟ್ಟಮಾದು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಮಾವ ಏನಂದರು ಎಂದು ಕೇಳಿದ. ಒಂದಿಷ್ಟು ಮೆತ್ತಗೆ ಮಾಡಿ ಹೇಳಬಹುದಿತ್ತು. ಅವಳು ಇದ್ದಂತೆಯೇ ಹೇಳಿದಳು. ಅವನು ರಸ್ತೆ ನೋಡುತ್ತ ನಿಂತ.

“ನಿಮ್ದೇನ್ ತಪ್ಪಿಲ್ಲ ಬುಡಿ ಅಕ್ಕ. ಯೋಳ್ಕೊಟ್ಟೋರು ನೀವು. ಬಾಯಿ ನಂದಲ್ವಾ?”

ಗುಂಡ್ಲುಪೇಟೆ ಕಡೆಯಿಂದ ಬಸ್ಸು ಬಂತು. ಕುಮಾರಿ ಹತ್ತಿದಳು. ಅವಳ ಹಿಂದೆ ಅವನೂ ಹತ್ತಿದ. ಕೈಯಲ್ಲಿ ಚೀಲವಿರಲಿಲ್ಲ, ಕಾಲಲ್ಲಿ ಮನೆಯ ಸುತ್ತ ಓಡಾಡಲು ಹಾಕುವ ಹವಾಯಿ ಚಪ್ಪಲಿ. ಕಂಡಕ್ಟರ್ ಕೇಳಿದಾಗ ಚಾಮರಾಜನಗರ ಎಂದ. ಈಗ ಅಲ್ಲಿಗೆ ಹತ್ತಿರದ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ, ಅಲ್ಲೇ ಒಂದು ರೂಮು. ತೆರಕಣಾಂಬಿಯಲ್ಲಿ ತಾನೊಬ್ಬನೇ ಇದ್ದ ಮನೆಗೆ ಬೀಗ ಹಾಕಿ ಬರಲು ಕೂಡ ಅವನು ಹಿಂತಿರುಗಿ ಹೋಗಲಿಲ್ಲ. ಬೀಗ ಹಾಕಿದವನು ನಾಗಯ್ಯ.